ಮಹಾಕಾಯದ ನಾಯಿಗಳೂ ನಮ್ಮ ಸೀಮೆಯ ಋತುಗಳೂ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ, ಬಾಬಾಬುಡನ್ ಗಿರಿಶ್ರೇಣಿಯ ಬುಡದಲ್ಲಿರುವ ಲಿಂಗದಹಳ್ಳಿಯು ಎರಡು ಹವೆಗಳ ಗಡಿಯಲ್ಲಿರುವ ಊರು. ಚೈತ್ರಮಾಸದ ಮಧ್ಯಾಹ್ನ ಇಲ್ಲಿ ನಿಂತು ಮೂಡಣಕ್ಕೆ ನೋಡಿದರೆ ಬೀರೂರು ಕಡೂರುಗಳ ಕಡೆಯ ಬಯಲು ಕಾದ ಹಂಚಿನಂತೆ ಹೊಳೆಯುತ್ತಿರುವುದು. ತೆಂಕಣಕ್ಕೆ ತಿರುಗಿ ಕಲ್ಲತ್ತಿಗಿರಿಯನ್ನು ದಾಟಿ ಘಟ್ಟವನ್ನೇರಿದರೆ, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯ ವಿಶ್ರಾಂತಿಗೆಂದು ಆರಿಸಿಕೊಂಡ, ಸುಮಾರು ೪,೭೦೦ ಅಡಿ ಎತ್ತರದ ತಂಪುನೆಲವು ಸಿಕ್ಕುವುದು. ಒಂದೇ ಹಗಲಿನಲ್ಲಿ ಬೆವರನ್ನೂ ಕಂಬಳಿಯನ್ನೂ ಬಯಸುವ ಸೀಮೆಯಿದು. ಇಲ್ಲಿ ಪ್ರಾಣಿಗಳನ್ನು ಸಾಕುವವರು ಋತುವನ್ನು ಮರೆತರೆ ನಡೆಯದು.

ಕೆಲವು ವರ್ಷಗಳ ಹಿಂದೆ ಯುಗಾದಿಯ ದಿನ ಈ ಊರಿನ ಬಂಧುಗಳೊಬ್ಬರ ಮನೆಗೆ ನಾನು ಊಟಕ್ಕೆ ಹೋಗಿದ್ದೆನು. ಆ ಮನೆಯ ಯಜಮಾನರು ವರಸೆಯಲ್ಲಿ ನನಗೆ ಭಾವನವರು. ಅವರು ನಗರದಿಂದ ಸೇಂಟ್ ಬರ್ನಾರ್ಡ್ ಜಾತಿಯ ನಾಯಿಯೊಂದನ್ನು ತರಿಸಿ, ‘ರಾಜ’ನೆಂದು ಹೆಸರಿಟ್ಟು, ಬಹಳ ಅಕ್ಕರೆಯಿಂದ ಸಾಕಿದ್ದರು. ಬೆಳೆದ ಕರುವಿನಷ್ಟು ಎತ್ತರ. ಮೈತುಂಬ ದಟ್ಟವಾದ ಕೂದಲು. ಮುಖದಲ್ಲಿ ಮಗುವಿನ ಸೌಮ್ಯತೆ. ಬಂದವರೆಲ್ಲರೂ ನೋಡಲೆಂದು ಅದನ್ನು ಮುಂದಿನ ಅಂಗಳದಲ್ಲಿ, ತಗಡಿನ ಚಪ್ಪರದ ಕೆಳಗೆ, ಸರಪಣಿ ಹಾಕಿ ಕಟ್ಟಿದ್ದರು. ನಾನು ಹೋದಾಗ ಅದು ನಾಲಗೆಯನ್ನು ಉದ್ದಕ್ಕೆ ಚಾಚಿ, ಪಕ್ಕೆಗಳು ತಿದಿಯಂತೆ ಆಡುತ್ತಿರಲು, ಏದುತ್ತಿತ್ತು. ಜೊಲ್ಲು ದಾರದಂತೆ ಇಳಿಯುತ್ತಿತ್ತು. ನಡುಮನೆಯಿಂದ ಅಜ್ಜಿಯವರು, “ಅದರ ಮೇಲೆ ನಾಲ್ಕು ಕೊಡ ನೀರು ಹುಯ್ಯಿರೋ. ಆ ತಗಡಿನ ಕೆಳಗೆ ನಿಮ್ಮನ್ನು ಕಟ್ಟಿದ್ದರೆ ಗೊತ್ತಾಗುತ್ತಿತ್ತು” ಎಂದರು. “ದೊಡ್ಡ ಜಾತಿಯದು ಅಜ್ಜಿ, ಹಾಗೆಯೇ ಏದುತ್ತದೆ. ಎಲೆ ಹಾಕಿದೆ, ಏಳಿ ಭಾವ” ಎಂದು ಯಜಮಾನರು ನನ್ನನ್ನು ಒಳಕ್ಕೆ ಕರೆದರು. ನಾನೂ ಎದ್ದು ಹೋದೆನು. ಹೋಳಿಗೆಯ ಊಟ ಮುಗಿಸಿ, ತಾಂಬೂಲ ಹಾಕಿಕೊಂಡು ಹೊರಗೆ ಬರುವ ವೇಳೆಗೆ ರಾಜನು ಕಾಲು ಚಾಚಿ ಮಲಗಿದ್ದನು. ಕೊಡಗಟ್ಟಲೆ ನೀರು ಹುಯ್ದೆವು. ಪಶುವೈದ್ಯರಿಗೆ ಹೇಳಿ ಕಳುಹಿಸಿದೆವು. ಅವರು ಬರುವುದಕ್ಕೆ ಮೊದಲೇ ಉಸಿರು ನಿಂತಿತ್ತು.

ಆ ಮನೆಯವರಿಗೆ ಪ್ರೀತಿಯಿರಲಿಲ್ಲವೆಂದು ಯಾರೂ ಹೇಳಲಾರರು. ಇಲ್ಲದಿದ್ದುದು ತಿಳಿವಳಿಕೆ. ನನಗೂ ಅದು ಇರಲಿಲ್ಲ. ಅಂದಿನಿಂದ, ದೊಡ್ಡ ನಾಯಿಗಳನ್ನು ನಮ್ಮ ನಾಡಿನಲ್ಲಿ ಹಿಂದಿನವರು ಹೇಗೆ ಕಂಡರು, ಬಿಸಿಲು ಚಳಿಗಳಿಗೆ ತಕ್ಕಂತೆ ಪ್ರಾಣಿಗಳನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ವಿಚಾರಿಸುತ್ತ ಬಂದಿರುವೆನು. ಅದರ ಫಲವನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕನ್ನಡನಾಡಿನಲ್ಲಿ ನಾಯಿಯ ಚರಿತ್ರೆಯನ್ನು ಹೇಳುವವರು ಮೊದಲು ಆತಕೂರಿನ ಶಾಸನವನ್ನು ನೆನೆಯಬೇಕು. ಇದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಊರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲವು ಕ್ರಿ. ಶ. ೯೪೯–೫೦. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ನಡೆದು ಚೋಳ ರಾಜಾದಿತ್ಯನು ಮಡಿದನು. ಕೃಷ್ಣನ ಪಕ್ಷದಲ್ಲಿ ನಿಂತಿದ್ದ ಗಂಗರ ಬೂತುಗನು, ತನ್ನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೇರನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಎರಡೂ ಸತ್ತುವು. ಆತಕೂರಿನ ಚಲ್ಲೇಶ್ವರನ ಮುಂದೆ ಕಾಳಿಗೆ ಕಲ್ಲನ್ನು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಆ ಕಲ್ಲಿನ ಮೇಲೆ ಇಂದಿಗೂ ಕಾಣಬಹುದು. ಚೋಳರ ಯುದ್ಧದಂತಹ ದೊಡ್ಡ ಸಂಗತಿಯೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ ಸೇರಿರುವುದು ಚರಿತ್ರಕಾರರಿಗೆ ಬಹಳ ಬೆಲೆಯುಳ್ಳದ್ದಾಗಿದೆ.

ಈ ಶಾಸನದಲ್ಲಿ ಸಾಮಾನ್ಯವಾಗಿ ಯಾರೂ ಹೆಚ್ಚು ಗಮನಿಸದ ಒಂದು ಕಟ್ಟಳೆಯುಂಟು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಾಳಿಯ ಕಲ್ಲನ್ನು ಪೂಜಿಸದೆ ಉಣ್ಣಕೂಡದು; ಉಂಡರೆ ಪಾಪಕ್ಕೆ ಗುರಿಯಾಗುವನು. ಸತ್ತ ನಾಯಿಯ ಕಲ್ಲಿಗೆ ಮೊದಲು, ತನ್ನ ಎಲೆಗೆ ಆಮೇಲೆ. ಯುಗಾದಿಯ ದಿನದ ನಮ್ಮ ಊಟದ ಸಂಗತಿಯನ್ನು ನೆನೆದು ಈ ಕಟ್ಟಳೆಯನ್ನು ಓದಿದಾಗ ನನಗೆ ತಲೆ ತಗ್ಗಿತು.

ಆತಕೂರಿನ ಶಾಸನವು ನಾಯಿಗೆ ಸಂದ ಗೌರವವನ್ನು ತಿಳಿಸುವುದಾದರೆ, ನಾಯಿಯ ವಿಷಯವಾದ ಶಾಸ್ತ್ರಜ್ಞಾನವನ್ನು ತಿಳಿಸುವುದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದ ನೂರು ಅಧ್ಯಾಯಗಳಲ್ಲಿ ಸಾರಮೇಯ ವಿನೋದವೂ ಒಂದು. ಆನೆ ಕುದುರೆಗಳ ಸಾಲಿನಲ್ಲಿಯೇ ನಾಯಿಗೂ ಅಲ್ಲಿ ಸ್ಥಾನ ದೊರೆತಿದೆ. ದೊರೆಯು ನಾಯಿಗಳನ್ನು ಅವುಗಳ ದೇಶಗಳ ಹೆಸರಿನಿಂದ ವಿಂಗಡಿಸಿರುವನು. ಇದು ಬರಿಯ ಪಟ್ಟಿಯಲ್ಲವೆಂದು ನನ್ನ ಎಣಿಕೆ. ಯಾವ ನಾಯಿ ಎಲ್ಲಿ ಹುಟ್ಟಿತೆಂದು ಕೇಳುವುದೆಂದರೆ, ಅದರ ಮೈ ಯಾವ ಬಿಸಿಲಿಗೆ, ಯಾವ ಗಾಳಿಗೆ ಒಗ್ಗಿದೆಯೆಂದು ಕೇಳಿದಂತೆಯೇ. ಭಾವನವರು ರಾಜನನ್ನು ಕೊಂಡಾಗ ಬೆಲೆಯನ್ನು ಕೇಳಿದ್ದರು. ವಂಶಾವಳಿಯ ಕಾಗದವನ್ನೂ ಕೇಳಿದ್ದರು. ಹುಟ್ಟಿದ ದೇಶದ ಹವೆಯೇನೆಂದು ಮಾತ್ರ ಕೇಳಿರಲಿಲ್ಲ.

ದೊಡ್ಡ ನಾಯಿಯನ್ನು ಸಾಕುವುದು ಸಣ್ಣ ಹೊರೆಯಲ್ಲವೆಂಬುದು ಪ್ರಾಚೀನರಿಗೆ ಚೆನ್ನಾಗಿ ತಿಳಿದಿದ್ದಿತು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೋಟಸನು, ಬಾಬಿಲೋನಿನಲ್ಲಿದ್ದ ಪಾರಸಿಕ ರಾಜ್ಯಪಾಲನೊಬ್ಬನು ಸಾಕಿದ್ದ ಭಾರತದ ನಾಯಿಗಳ ಆಹಾರಕ್ಕಾಗಿ ಬಯಲಿನ ನಾಲ್ಕು ದೊಡ್ಡ ಗ್ರಾಮಗಳನ್ನು ಬಿಟ್ಟುಕೊಟ್ಟು, ಅವುಗಳಿಗೆ ಬೇರೆ ಕಂದಾಯವೇ ಇಲ್ಲದಂತೆ ಮಾಡಿದ್ದನೆಂದು ಬರೆದಿರುವನು. ಊರುಗಳ ಹುಟ್ಟುವಳಿಯನ್ನೇ ನಾಯಿಗಳಿಗೆಂದು ಬಿಡಬಲ್ಲವರು ಅವುಗಳನ್ನು ಸಾಕಿದರು. ನಾವಾದರೋ ಮುಂದಿನ ಅಂಗಳದ ಒಂದು ಗೂಟ ಸಾಕೆಂದು ಎಣಿಸುತ್ತೇವೆ.

ಆದರೆ ಋತುವಿಗೆ ತಕ್ಕಂತೆ ಪ್ರಾಣಿಯನ್ನು ನಡೆಸಿಕೊಳ್ಳುವ ವಿದ್ಯೆಯನ್ನು ಕಲಿಯಲು ಬಾಬಿಲೋನಿಗೆ ಹೋಗಬೇಕಾದುದಿಲ್ಲ. ನಮ್ಮ ನೆರೆಯ ಅಜ್ಜಂಪುರಕ್ಕೆ ಹೋದರೆ ಸಾಕು. ಅಲ್ಲಿಯ ಅಮೃತಮಹಲ್ ತಳಿಸಂವರ್ಧನ ಕೇಂದ್ರವು ೧೯೨೯ರಲ್ಲಿ ಸ್ಥಾಪಿತವಾದದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಹೆಸರಾಗಿದ್ದ ಸರ್ಕಾರಿ ದನಗಳ ಇಲಾಖೆಯೇ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಈ ದನಗಳಿಗೆಂದು ಮೀಸಲಾದ ಹುಲ್ಲುಗಾವಲುಗಳನ್ನು ‘ಕಾವಲು’ಗಳೆಂದು ಕರೆಯುವರು. ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರಾಗಿ ವಿಂಗಡಿಸಿದ್ದರು. ಬೇಸಗೆಯ ಕಾವಲೆಂದರೆ ನೀರೂ ನೆರಳೂ ಇರತಕ್ಕ ಸ್ಥಳ. ಕೆರೆಯಂಗಳದಂತಹ ತಂಪುನೆಲಗಳು ಇದಕ್ಕೆ ಒದಗುತ್ತಿದ್ದುವು. ಋತುವು ತಿರುಗಿದಂತೆ ಹಿಂಡೂ ತಿರುಗುತ್ತಿತ್ತು. ದನವು ಹವೆಯನ್ನು ಸಹಿಸಿಕೊಳ್ಳಲೆಂದು ಬಿಡದೆ, ದನಕ್ಕೆ ಒಗ್ಗುವ ಹವೆಯನ್ನು ಹುಡುಕಿಕೊಂಡು ಹೋಗುವ ಪದ್ಧತಿಯಿದು. ಒಂದು ರಾಜ್ಯವು ಸಾವಿರಾರು ದನಗಳಿಗೆ ಮಾಡಿದುದನ್ನು ಒಂದು ಮನೆಯು ಒಂದು ನಾಯಿಗೆ ಮಾಡಲಾರದೆ? ಬೇಸಗೆಗೊಂದು ಮೂಲೆ, ಮಳೆಗೊಂದು ಮೂಲೆ, ಚಳಿಗೊಂದು ಮೂಲೆ: ಮನೆಯ ಹಿತ್ತಿಲಿನಲ್ಲಿಯೇ ಮೂರು ಕಾವಲುಗಳನ್ನು ಮಾಡಿಕೊಳ್ಳಬಹುದು.

ಇನ್ನು, ಹೊರಗಿನಿಂದ ಬಂದ ಮಹಾಕಾಯದ ನಾಯಿಗಳ ಹುಟ್ಟನ್ನು ನೋಡೋಣ. ಇಲ್ಲಿ ಎರಡು ಜಾತಿಗಳನ್ನು ಉದಾಹರಿಸಿದರೆ ಸಾಕು. ಸೇಂಟ್ ಬರ್ನಾರ್ಡ್ ನಾಯಿಗಳ ತವರು ಆಲ್ಪ್ಸ್ ಪರ್ವತಗಳಲ್ಲಿ ಸುಮಾರು ೮,೧೦೦ ಅಡಿ ಎತ್ತರದ ಕಣಿವೆದಾರಿಯಲ್ಲಿರುವ ಸಂನ್ಯಾಸಿಗಳ ಮಠ. ಹಿಮದಲ್ಲಿ ದಾರಿತಪ್ಪಿದ ಪ್ರಯಾಣಿಕರನ್ನು ಹುಡುಕುವುದು ಅವುಗಳ ಕೆಲಸವಾಗಿದ್ದಿತು. ೧೮೧೪ರಲ್ಲಿ ಸತ್ತ ಬ್ಯಾರಿಯೆಂಬ ನಾಯಿಯು ನಲವತ್ತಕ್ಕೂ ಹೆಚ್ಚು ಜನರ ಪ್ರಾಣವನ್ನುಳಿಸಿತೆಂದು ಪ್ರತೀತಿ. ಅದರ ಕಳೇಬರವನ್ನು ಸಂಸ್ಕರಿಸಿ ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವರು. ೧೮೩೦ರ ಸುಮಾರಿಗೆ ಮಠದವರು ತಮ್ಮ ನಾಯಿಗಳಿಗೆ ನ್ಯೂಫೌಂಡ್‌ಲೆಂಡ್ ಜಾತಿಯ ನಾಯಿಗಳನ್ನು ಕೂಡಿಸಿದರು. ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಉದ್ದವಾದ ಕೂದಲು ಬಂದಿತು. ಹಿಮದ ನಾಡಿಗೆ ಇದು ಒಳ್ಳೆಯದೇ ಆಯಿತೆಂದು ತೋರಬಹುದು; ಫಲವು ಬೇರೆಯಾಯಿತು. ಉದ್ದ ಕೂದಲಿನಲ್ಲಿ ಮಂಜುಗಡ್ಡೆಯು ಸಿಕ್ಕಿಕೊಂಡು ನಾಯಿಗೆ ಭಾರವಾಗುತ್ತಿದ್ದಿತು. ಆದುದರಿಂದ ಅಂತಹ ನಾಯಿಗಳನ್ನು ಕೆಳಗಿನ ಕಣಿವೆಯ ಊರುಗಳವರಿಗೆ ಕೊಟ್ಟುಬಿಟ್ಟರು. ಆ ಹವೆಯಲ್ಲೇ ಹುಟ್ಟಿಬೆಳೆದ ಜಾತಿಯ ವಿಷಯದಲ್ಲಿಯೂ ಎರಡು ಶತಮಾನಗಳ ಹಿಂದೆ ಇಷ್ಟು ವಿವೇಚನೆ ನಡೆದಿರಲು, ಅದನ್ನು ನಮ್ಮ ಬಯಲಿನ ಬಿಸಿಲಿಗೆ ತರುವವರು ಎಷ್ಟು ವಿವೇಚಿಸಬೇಕು!

ಎರಡನೆಯದು ಗ್ರೇಟ್ ಡೇನ್. ಹೆಸರಿನಲ್ಲಿ ಡೆನ್ಮಾರ್ಕ್ ಇದ್ದರೂ ಈ ಜಾತಿಯು ಬೆಳೆದದ್ದು ಜರ್ಮನಿಯಲ್ಲಿ. ಇದರ ಪೂರ್ವಜರ ಕೆಲಸ ಕಾಡುಹಂದಿಯನ್ನು ಹಿಡಿದು ನಿಲ್ಲಿಸುವುದು. ಕಸುಬಿನಲ್ಲಿ ನಮ್ಮ ಕಾಳಿಯ ಸಂಗಾತಿಗಳೇ ಸರಿ. ಸೇಂಟ್ ಬರ್ನಾರ್ಡಿನಂತೆ ಇದಕ್ಕೆ ದಟ್ಟ ಕೂದಲಿಲ್ಲ. ಚರ್ಮಕ್ಕೆ ಅಂಟಿಕೊಂಡ ಗಿಡ್ಡ ಕೂದಲು, ಕಡಮೆ ಕೊಬ್ಬು. ಆದಕಾರಣ ಇದು ಬಿಸಿಲಿನಲ್ಲಿ ಬಳಲುವುದಲ್ಲದೆ ಚಳಿಯಲ್ಲಿಯೂ ನಡುಗುವುದು. ಮೈ ದೊಡ್ಡದಾದ ಮಾತ್ರಕ್ಕೆ ಚಳಿಯನ್ನು ತಡೆಯುವುದೆಂದು ನಂಬಿ, ಮಲೆನಾಡಿನ ತೋಟದ ಮನೆಯ ಜಗಲಿಯಲ್ಲಿ ರಾತ್ರಿಯೆಲ್ಲ ಬಿಡುವುದು ತಪ್ಪು.

ಇದರ ಕಾರಣವನ್ನು ದೇಹಶಾಸ್ತ್ರವು ಸ್ಪಷ್ಟವಾಗಿ ತಿಳಿಸುತ್ತದೆ. ದೇಹವು ದೊಡ್ಡದಾದಂತೆ, ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಕಡಮೆಯಾಗುವುದು; ಒಳಗಿನ ಶಾಖವು ಹೊರಕ್ಕೆ ಹೋಗುವ ಬಾಗಿಲು ಚಿಕ್ಕದಾಗುವುದು. ಶೀತದೇಶದ ಪ್ರಾಣಿಗಳು ದೊಡ್ಡ ಮೈಯುಳ್ಳವಾಗಿರುವುದಕ್ಕೆ ಇದೇ ಕಾರಣವೆಂದು ಜರ್ಮನಿಯ ಬರ್ಗ್‌ಮನ್ ಎಂಬ ವಿದ್ವಾಂಸನು ೧೮೪೭ರಲ್ಲಿ ಪ್ರತಿಪಾದಿಸಿದನು. ಅದೂ ಅಲ್ಲದೆ ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಮಾತ್ರ ಸ್ವಲ್ಪ ಬೆವರುವುದು. ಏದುಸಿರಿನಿಂದ ನಾಲಗೆ ಮೂಗುಗಳ ತೇವವನ್ನು ಆರಿಸಿಕೊಂಡೇ ಅದು ತಣ್ಣಗಾಗಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಈ ಆರಿಕೆಯೂ ಕುಂಠಿತವಾಗುವುದು. ಆದುದರಿಂದ ಮಳೆಗೆ ಮುಂಚಿನ ಮೋಡಕವಿದ ಸೆಕೆಯ ದಿನವು, ಉರಿಬಿಸಿಲಿಲ್ಲದಿದ್ದರೂ, ಅಪಾಯದ ದಿನವೇ. ನಾಯಿಯ ದೇಹದ ಶಾಖವು ಸಹಜವಾಗಿ ೩೮ರಿಂದ ೩೯ ಸೆಂಟಿಗ್ರೇಡ್ ಡಿಗ್ರಿಯ ಸುಮಾರಿನಲ್ಲಿರುವುದು. ೪೧ನ್ನು ದಾಟಿದರೆ ಪ್ರಾಣಕ್ಕೆ ಸಂಚಕಾರ. ರಾಜನು ಅಂದು ಏದುತ್ತಿದ್ದುದು ಜಾತಿಯ ಲಕ್ಷಣವಾಗಿರಲಿಲ್ಲ; ಅದು ತನಗೆ ತಿಳಿದಿದ್ದ ಒಂದೇ ಭಾಷೆಯಲ್ಲಿ ನಮ್ಮನ್ನು ಕರೆಯುತ್ತಿದ್ದಿತು.

ನಮ್ಮ ನಾಡಿನಲ್ಲಿಯೇ ಬೆಳೆದ ಮುಧೋಳದ ನಾಯಿಯನ್ನು ಇದರೊಡನೆ ಹೋಲಿಸಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾಯರು ಈ ತಳಿಯನ್ನು ಆಸ್ಥೆಯಿಂದ ಬೆಳೆಸಿ, ಐದನೆಯ ಜಾರ್ಜ್ ಚಕ್ರವರ್ತಿಗೆ ಒಂದು ಜೊತೆಯನ್ನು ಕಾಣಿಕೆಯಾಗಿತ್ತರು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ೨೦೧೬ರಲ್ಲಿ ಸೇನೆಯವರು ಮರಿಗಳನ್ನು ಮೀರತ್ತಿಗೆ ಒಯ್ದು ತರಬೇತಿಗೆ ತೊಡಗಿದರು. ಎತ್ತರದಲ್ಲಿ ಈ ನಾಯಿ ಕೀಳಲ್ಲ. ಭುಜದವರೆಗೆ ೭೦ ಸೆಂಟಿಮೀಟರಿನ ಸುಮಾರಿಗೆ ಬೆಳೆಯುವುದು. ತೂಕವಾದರೋ ೩೦ ಕಿಲೋಗ್ರಾಮನ್ನೂ ಸಾಮಾನ್ಯವಾಗಿ ದಾಟದು. ಸೇಂಟ್ ಬರ್ನಾರ್ಡ್ ಇದರ ಎರಡು ಮೂರರಷ್ಟು ತೂಗುವುದು. ತೆಳುವಾದ ಮೈ, ಉದ್ದನೆಯ ಕಾಲು, ಗಿಡ್ಡ ಕೂದಲು: ಬಿಸಿಲುನಾಡು ಒಂದು ನಾಯಿಯನ್ನು ತಾನೇ ಕಡೆದರೆ ಹೇಗೆ ಕಡೆಯುವುದೆಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಹೊರಜಾತಿಯ ದೊಡ್ಡ ನಾಯಿಗಳನ್ನು ಸಾಕಲೇಬಾರದೆ? ದಟ್ಟ ಕೂದಲಿನವುಗಳನ್ನು ಬಯಲುಸೀಮೆಗೆ ತರದಿರುವುದೇ ಮೇಲೆಂದು ನನ್ನ ಅಭಿಪ್ರಾಯ. ಈಗಾಗಲೇ ಮನೆಗೆ ಬಂದಿರುವ ಜೀವವನ್ನಾದರೋ ಕಾಪಾಡಲೇಬೇಕು. ಆದುದರಿಂದ ಪಶುವೈದ್ಯರಿಂದಲೂ ಅನುಭವಸ್ಥರಿಂದಲೂ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವೆನು.

ಬೇಸಗೆಯಲ್ಲಿ ನಾಯಿಯನ್ನು ತಗಡಿನ ಕೆಳಗೆ ಕಟ್ಟಲಾಗದು. ಹೊಂಗೆ ಅಥವಾ ಹಲಸಿನ ಮರದ ನೆರಳು, ಇಲ್ಲವೆ ಗಾಳಿಯಾಡುವ ನಡುಮನೆಯ ನೆಲವು ಲೇಸು. ಮರದ ಕೆಳಗೆ ನೆಲವನ್ನು ಸ್ವಲ್ಪ ತೋಡಿ, ಮರಳು ಹಾಸಿ, ನೀರು ಚಿಮುಕಿಸಿಟ್ಟರೆ ಅದೇ ಹೋಗಿ ಮಲಗುವುದು. ಕುಡಿಯುವ ನೀರು ಎರಡು ಕಡೆ ಇರಬೇಕು; ಒಂದು ಉರುಳಿದರೂ ಇನ್ನೊಂದು ಉಳಿಯುವುದು. ತಿರುಗಾಟವು ಬೆಳಗಿನ ಜಾವ ಅಥವಾ ಇಳಿಹೊತ್ತು ಕಳೆದ ಮೇಲೆ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ಕೆಲವು ಕ್ಷಣ ತಾಳಲಾರದಿದ್ದರೆ ನಾಯಿಯ ಪಾದವೂ ತಾಳಲಾರದು. ಮುಚ್ಚಿದ ಕಾರಿನಲ್ಲಿ ಸ್ವಲ್ಪ ಹೊತ್ತಾದರೂ ಬಿಟ್ಟುಹೋಗಬಾರದು. ದಟ್ಟ ಕೂದಲನ್ನು ದಿನವೂ ಬಾಚಿ ಉದುರಿದುದನ್ನು ತೆಗೆಯಬೇಕೇ ಹೊರತು ಚರ್ಮ ಕಾಣುವಂತೆ ಬೋಳಿಸಬಾರದು. ಬೋಳುಚರ್ಮವು ಬಿಸಿಲಿಗೆ ಸುಡುವುದು. ಆಹಾರವನ್ನು ತಂಪುಹೊತ್ತಿನಲ್ಲಿ, ಎರಡು ಮೂರು ಸಲಕ್ಕೆ ಹಂಚಿ ಕೊಡಬೇಕು. ಎದೆಗೂಡು ಆಳವಾಗಿರುವ ಈ ಜಾತಿಗಳಲ್ಲಿ ಹೊಟ್ಟೆಯುಬ್ಬಿ ಜಠರವು ತಿರುಚಿಕೊಳ್ಳುವ ಮಾರಕ ವ್ಯಾಧಿಯುಂಟು. ಉಂಡೊಡನೆ ಓಡಿಸುವುದು ಆ ಕಾರಣದಿಂದಲೂ ಸಲ್ಲದು.

ಇಷ್ಟಾದರೂ ಬಿಸಿಲು ತಗಲಿ, ಏದುಸಿರು ನಿಲ್ಲದೆ, ವಸಡು ಕಡುಗೆಂಪಾಗಿ, ಕಾಲು ತಡವರಿಸಿದರೆ, ವೈದ್ಯರ ಬಳಿಗೆ ಓಡುವುದಕ್ಕೂ ಮೊದಲು ಮೈಯನ್ನು ತಣಿಸಬೇಕು. ನೆರಳಿಗೆ ತಂದು ಮೈತುಂಬ ತಣ್ಣೀರನ್ನು ಎಡೆಬಿಡದೆ ಹುಯ್ಯುತ್ತ ಗಾಳಿ ಬೀಸಬೇಕು. ಒದ್ದೆಗೋಣಿಯನ್ನು ಹೊದಿಸಿ ಬಿಟ್ಟುಬಿಡುವುದು ಸರಿಯಲ್ಲ; ಸ್ವಲ್ಪ ಹೊತ್ತಿನಲ್ಲಿ ಗೋಣಿಯೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುವುದು. ಎಚ್ಚರವಿದ್ದರೆ ಸ್ವಲ್ಪಸ್ವಲ್ಪವೇ ನೀರು ಕುಡಿಯಗೊಡಬೇಕು. ಆಮೇಲೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಎದ್ದು ನಿಂತಿತೆಂದು ಸುಮ್ಮನಾಗಲಾಗದು.

ಮಲೆಯ ಕಡೆ ಶತ್ರುವು ಚಳಿಗಿಂತ ಹೆಚ್ಚಾಗಿ ತೇವ. ಮಳೆಗಾಲದಲ್ಲಿ ನಾಯಿಯ ಮೈಯನ್ನು, ಮುಖ್ಯವಾಗಿ ಬೆರಳುಗಳ ಸಂದನ್ನೂ ಕಿವಿಯನ್ನೂ, ಒರಸಿ ಒಣಗಿಸಬೇಕು. ಇಂಬಳ ಉಣ್ಣೆಗಳನ್ನು ಹುಡುಕಿ ತೆಗೆಯಬೇಕು. ಹಾಸಿಗೆಯು ನೆಲದಿಂದ ಮೇಲೆ, ಹಲಗೆಯ ಮೇಲೆ ಇರಬೇಕು. ಅದರ ಮೇಲೆ ಒಣಹುಲ್ಲು ತುಂಬಿದ ಗೋಣಿ, ಗಾಳಿ ಬರುವ ಕಡೆಗೆ ಗೋಡೆ. ಬರಿಯ ಗಟ್ಟಿನೆಲದಲ್ಲಿ ಮಲಗಿದರೆ ಈ ಭಾರದ ಮೈಗಳ ಮೊಣಕೈ ಒತ್ತಿ ಜಡ್ಡುಗಟ್ಟಿ ಹುಣ್ಣಾಗುವುದು. ಗಿಡ್ಡ ಕೂದಲಿನ ನಾಯಿಗೆ ಹಳೆಯ ಕಂಬಳಿಯ ಹೊದಿಕೆಯನ್ನು ಹೊಲಿಸುವುದು ಆಡಂಬರವಲ್ಲ. ಮುದಿನಾಯಿಯ ಕೀಲುಗಳು ಚಳಿಯಲ್ಲಿ ಬಿಗಿಯುವುವು. ಅದನ್ನು ಮೆಟ್ಟಿಲು ಹತ್ತಿಸದಿರುವುದು ಒಳಿತು. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಬೆಚ್ಚಗೆ ಮಾಡಹೋಗಬಾರದು. ಅದರ ವಿಷಗಾಳಿಯು ನಾಯಿಗೂ ಮನುಷ್ಯರಿಗೂ ಮಾರಕ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಿಲ್ಲ. ಬೇಕಾದುದು ದಿನಕ್ಕೆ ನಾಲ್ಕಾರು ಸಲ ಎದ್ದು ಹೋಗಿ ನೋಡುವ ಕಣ್ಣು. ಮಹಾಕಾಯದ ನಾಯಿಗಳ ಆಯುಸ್ಸೇ ಕಡಮೆ. ಎಂಟು ಹತ್ತು ವರ್ಷಗಳಾದರೆ ಹೆಚ್ಚು. ಆ ಸಣ್ಣ ಆಯುಸ್ಸನ್ನು ಅಂಗಳದ ಶೋಭೆಗಾಗಿ ಇನ್ನೂ ಸಣ್ಣದು ಮಾಡುವ ಅಧಿಕಾರ ನಮಗಿಲ್ಲ. ಸತ್ತ ಮೇಲೆ ಕಲ್ಲು ನಿಲ್ಲಿಸುವುದು ದೊರೆಗಳಿಗೆ ಸಾಧ್ಯ. ಬದುಕಿರುವಾಗ ನೆರಳು ಕೊಡುವುದು ಎಲ್ಲರಿಗೂ ಸಾಧ್ಯ.

ಈಚೆಗೆ ಲಿಂಗದಹಳ್ಳಿಯ ಆ ಮನೆಗೆ ಮತ್ತೆ ಹೋಗಿದ್ದೆನು. ತಗಡಿನ ಚಪ್ಪರವನ್ನು ಕಿತ್ತಿರುವರು. ಹಿತ್ತಿಲಿನ ಹಲಸಿನ ಮರದ ಕೆಳಗೆ ಊರನಾಯಿಯೊಂದು ಮಲಗಿದ್ದಿತು. ಪಕ್ಕದಲ್ಲಿ ಕಲ್ಲಿನ ಬಾನಿಯ ತುಂಬ ನೀರು. ಊಟಕ್ಕೆ ಎಲೆ ಹಾಕಿದ ಮೇಲೆಯೂ ಭಾವನವರು ಕಾಣಲಿಲ್ಲ. ಎಲ್ಲಿಗೆ ಹೋದರೆಂದು ಅಜ್ಜಿಯವರನ್ನು ಕೇಳಿದೆನು. “ಬಾನಿ ನೋಡಲು ಹೋಗಿದ್ದಾನಪ್ಪ, ಈಗ ಬರುತ್ತಾನೆ” ಎಂದರು. ಆತಕೂರಿನ ಗೊರವನಿಗೆ ವಿಧಿಸಿದ್ದ ಕಟ್ಟಳೆಯನ್ನು ಅವರಾರೂ ಓದಿದವರಲ್ಲ. ನಾನು ಕೈತೊಳೆದುಕೊಂಡು, ಅವರು ಬರುವವರೆಗೂ ಕಾದೆನು.